ಎಡಗಡೆಯ ಸ್ಪೀಕರ್

ಚೇಳೂರಿನಿಂದ ಬಂದ ಕಾರ್ಡಿನಲ್ಲಿ ನಾಲ್ಕೇ ಸಾಲು ಇತ್ತು. ತಂದೆಯವರು ತೀರಿಕೊಂಡರು, ಹನ್ನೊಂದನೆಯ ದಿನದ ಕಾರ್ಯ ಇಂಥ ದಿನ, ತಾವು ಬರಬೇಕು, ಇಂತಿ ಅವರ ಮಗ. ಅದು ನನ್ನ ಕೈ ಸೇರುವ ಹೊತ್ತಿಗೆ ಕಾರ್ಯ ಮುಗಿದು ಮೂರು ದಿನವಾಗಿತ್ತು. ಅಂತರಸನಹಳ್ಳಿಯ ನಮ್ಮ ಶೆಡ್ಡು ಬಾಗಿಲು ಹಾಕಿ ವರ್ಷವಾಗಿದೆ. ಪಕ್ಕದ ಶೆಡ್ಡಿನ ವಾಚ್‌ಮನ್ನು ಕಾರ್ಡನ್ನು ತೆಗೆದಿಟ್ಟುಕೊಂಡಿದ್ದು, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೊಟ್ಟ. ವಿಳಾಸದಲ್ಲಿ ನನ್ನ ಹೆಸರಿನ ಕೆಳಗೆ ‘ಟೆಸ್ಟಿಂಗ್ ವಿಭಾಗ’ ಎಂದು ಬರೆದಿತ್ತು. ಅದನ್ನು ಓದಿ ನನಗೆ ನಾಚಿಕೆಯಾಯಿತು. ಆ ವಿಭಾಗ ಅವರದು. ಅದು ನನ್ನ ಪಾಲಿಗೆ ಹೇಗೆ ಬಂತೆಂದು ಹೇಳದೆ ಅವರ ಬಗ್ಗೆ ಬರೆಯುವುದು ಸುಳ್ಳಾಗುತ್ತದೆ, ಒಂದು ಸುಳ್ಳು ಈಗಾಗಲೇ ಹೇಳಿಯಾಗಿದೆ.

ಅವರ ಹೆಸರು ಬರೆಯುವುದಿಲ್ಲ. ಶೆಡ್ಡಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇರಲಿಲ್ಲ. ಎಲ್ಲರಿಗೂ ಅವರು ಟೆಸ್ಟಿಂಗ್ ಮೇಷ್ಟ್ರು. ಶಾಲೆಯ ಕಡೆ ಐದನೆ ಕ್ಲಾಸಿನ ಮೇಲೆ ತಲೆ ಹಾಕಿದವರಲ್ಲ, ಆದರೂ ಮೇಷ್ಟ್ರು. ಗುಬ್ಬಿಯ ಕಡೆ ತೆಂಗಿನ ತೋಟವಿದ್ದ ಸಾಹುಕಾರರೊಬ್ಬರು ಎಪ್ಪತ್ತರ ದಶಕದ ಕೊನೆಗೆ ಆ ಶೆಡ್ಡು ಹಾಕಿದ್ದರು. ಮೈಕ್‌ಸೆಟ್ಟಿನವರಿಗೆ ಬೇಕಾದ ಆಂಪ್ಲಿಫೈಯರು, ಮನೆಗೆ ಬೇಕಾದ ರೇಡಿಯೋ, ಇವನ್ನು ಜೋಡಿಸಿ ಅಂಗಡಿಗಳಿಗೆ ಕಳಿಸುತ್ತಿದ್ದೆವು. ನಾವು ಹನ್ನೆರಡು ಜನ. ನಾನು ಬೆಸುಗೆಯ ಬೆಂಚಿನಲ್ಲಿ. ಅವರು ಕೊನೆಯ ಕಿಟಕಿಯ ಪಕ್ಕದ ಮೇಜಿನಲ್ಲಿ. ಅವರ ಕಿವಿ ದಾಟದೆ ಒಂದು ಪೆಟ್ಟಿಗೆಯೂ ಹೊರಗೆ ಹೋಗುವಂತಿರಲಿಲ್ಲ.

ಮಾತು ಒರಟು. ನಾನು ಸೇರಿದ ಮೊದಲ ವಾರ ನನ್ನ ಬೆಸುಗೆ ನೋಡಿ, “ಇದೇನ್ಲಾ ರಂಗ, ಬೆಸುಗೆನೋ ಮೂಗಿನ ಸಿಂಬಳನೋ?” ಎಂದು ಎಲ್ಲರ ಮುಂದೆ ಕೇಳಿದರು. ಮಧ್ಯಾಹ್ನ ಊಟದ ಹೊತ್ತಿಗೆ ತಮ್ಮ ಡಬ್ಬಿಯಿಂದ ಅರ್ಧ ಮುದ್ದೆ ಮುರಿದು ನನ್ನ ಮುಚ್ಚಳಕ್ಕೆ ಹಾಕಿ, “ಉಂಡು ಬಾ, ತೋರಿಸ್ಕೊಡ್ತೀನಿ” ಎಂದರು. ಅಂದು ಸಾಯಂಕಾಲದವರೆಗೆ ನನ್ನ ಕೈ ಹಿಡಿದು ಬೆಸುಗೆ ಹಾಕಿಸಿದರು. ಅದಾದ ಮೇಲೆ ನನ್ನ ಬೆಸುಗೆಯನ್ನು ಯಾರೂ ಆಡಿಕೊಳ್ಳಲಿಲ್ಲ.

ಅಂಗಿಯ ಜೇಬಿನಲ್ಲಿ ಒಂದು ಟಾರ್ಚ್ ಸೆಲ್ಲು, ಅದಕ್ಕೆ ಎರಡು ತುಂಡು ತಂತಿ, ಸದಾ ಇರುತ್ತಿದ್ದವು. ಹೊಸ ಸ್ಪೀಕರ್ ಬಂದರೆ ಆ ತಂತಿಗಳನ್ನು ಅದರ ಬೆನ್ನಿಗೆ ಮುಟ್ಟಿಸುವರು. ಸ್ಪೀಕರಿನ ಕಾಗದ ಟಪ್ಪೆಂದು ಮುಂದಕ್ಕೆ ಉಬ್ಬಿದರೆ ಸರಿ, ಹಿಂದಕ್ಕೆ ಹೋದರೆ ತಂತಿ ತಿರುವುಮುರುವು. “ಉಸಿರು ಬುಡ್ತಾ ಐತಾ, ಎಳ್ಕೊಂತಾ ಐತಾ, ಅಷ್ಟ್ ನೋಡು ಸಾಕು” ಎನ್ನುವರು. ಸ್ಪೀಕರಿಗೂ ಜೀವವಿದೆ ಎಂದೇ ಅವರ ಲೆಕ್ಕ. ಬೀಳಿಸಿದವರಿಗೆ ಬೈಗುಳ ಖಾತ್ರಿ.

ಅವರ ಇನ್ನೊಂದು ಪದ್ಧತಿ ಕೆಂಪು ಬೊಟ್ಟು. ಆಂಪ್ಲಿಫೈಯರಿನ ಒಳಗೆ ಸಣ್ಣ ಸಣ್ಣ ತಿರುಪುಗಳಿರುತ್ತವೆ. ಎಷ್ಟು ತಿರುಗಿಸಿದರೆ ದನಿ ಎಷ್ಟು ಬರಬೇಕೆಂದು ಟೆಸ್ಟ್ ಮಾಡುವವರು ಕಿವಿಗೊಟ್ಟು ಕೇಳಿ ಅದನ್ನು ಗೊತ್ತು ಮಾಡಬೇಕು. ಗೊತ್ತಾದ ಮೇಲೆ ಯಾರೂ ಅಲುಗಿಸದಂತೆ ತಿರುಪಿನ ಮೇಲೆ ಕೆಂಪು ಉಗುರುಬಣ್ಣದ ಒಂದು ಬೊಟ್ಟು ಇಡುವರು. ಒಣಗಿದರೆ ಅದು ಅಲ್ಲಾಡುವುದಿಲ್ಲ. ಬೊಟ್ಟು ಬಿದ್ದ ಸೆಟ್ಟನ್ನು ಸಾಹುಕಾರರೂ ಮುಟ್ಟುವಂತಿಲ್ಲ. ಆ ಬಣ್ಣವನ್ನು ನಮ್ಮೂರ ಚಿಕ್ಕಪೇಟೆಯ ಬಳೆ ಅಂಗಡಿಯಲ್ಲಿ ಅವರೇ ಕೊಳ್ಳುತ್ತಿದ್ದರು. ಅಂಗಡಿಯಾಕೆ, “ಏನ್ ಮೇಷ್ಟ್ರೇ, ತಿಂಗ್ಳಿಗೊಂದು ಬಾಟ್ಲು! ಮನೇವ್ರು ಪುಣ್ಯ ಮಾಡಿದಾರೆ” ಎಂದು ನಗುವಳು. ಇವರು ಕಿವಿ ಕೆಂಪಗೆ ಮಾಡಿಕೊಂಡು ಬರುವರು. ಮನೆಯವರ ಉಗುರಿಗೆ ಆ ಬಣ್ಣ ಒಂದು ಸಲವೂ ಬಿದ್ದಿರಲಿಕ್ಕಿಲ್ಲ.

ಶೆಡ್ಡಿಗೆ ಬರುವ ಮುಂಚೆ ಇಪ್ಪತ್ತು ವರ್ಷ ಮೈಕ್‌ಸೆಟ್ಟಿನ ಜೊತೆ ಊರೂರು ತಿರುಗಿದವರು. ಮದುವೆ, ನಾಟಕ, ಭಾಷಣ, ಯಾವುದಿದ್ದರೂ ಇವರದೇ ಹಾರನ್ ಸ್ಪೀಕರು. “ಹಾರನ್ ಬುಡದಲ್ಲೇ ಚಾಪೆ ಹಾಸ್ಕೊಂಡು ನಿದ್ದೆ ಹೊಡೀತಿದ್ದೋನು ಕಣೋ ನಾನು” ಎಂದು ಜಂಬದಿಂದ ಹೇಳುತ್ತಿದ್ದರು. ಆ ನಿದ್ದೆಗೆ ಏನು ತೆತ್ತಿದ್ದಾರೆಂದು ನನಗೆ ತಿಳಿದದ್ದು ಒಂದು ಮಧ್ಯಾಹ್ನ. ಅವರ ಎಡಕ್ಕೆ, ಎರಡು ಮಾರು ದೂರದಲ್ಲಿ, ಟ್ರಾನ್ಸ್‌ಫಾರ್ಮರುಗಳ ತಟ್ಟೆ ಧಡಾರೆಂದು ಸಿಮೆಂಟು ನೆಲಕ್ಕೆ ಬಿತ್ತು. ಎಲ್ಲರೂ ಎದ್ದು ನಿಂತೆವು. ಅವರು ತಲೆಯೆತ್ತಿ, ಬಲಗಡೆಯ ಕಿಟಕಿಯಾಚೆ ರಸ್ತೆಯ ಕಡೆ ನೋಡಿದರು.

ಅಂದಿನಿಂದ ನಾನು ಗಮನಿಸತೊಡಗಿದೆ. ಬಸ್ಸಿನಲ್ಲಿ ಯಾವಾಗಲೂ ಎಡಗಡೆಯ ಕಿಟಕಿ ಸೀಟೇ ಬೇಕು, ಜೊತೆಯವರು ಬಲಕ್ಕೆ ಕೂರಬೇಕು. ಎಡದಿಂದ ಯಾರಾದರೂ ಕರೆದರೆ ಉತ್ತರವಿಲ್ಲ. ಇಂಥವು ಒಂದೊಂದೇ ಕಾಣುತ್ತ ಹೋದವು. ನಾನು ಯಾರಿಗೂ ಹೇಳಲಿಲ್ಲ. ಅವರಿಗೂ ಗೊತ್ತು ಮಾಡಲಿಲ್ಲ. ಕಿವಿಯನ್ನೇ ನಂಬಿ ಬದುಕುವವರಿಗೆ ನಿಮ್ಮ ಕಿವಿ ಹೋಗಿದೆ ಎಂದು ಯಾವ ಬಾಯಿಂದ ಹೇಳುವುದು?

ಒಂದೇ ಸ್ಪೀಕರಿನ ಸೆಟ್ಟುಗಳು ಇರುವವರೆಗೆ ತೊಂದರೆಯಾಗಲಿಲ್ಲ. ಬಲಗಿವಿ ಇನ್ನೂ ಗಟ್ಟಿಯಾಗಿತ್ತು. ಎಂಬತ್ತರ ನಂತರ ಸ್ಟೀರಿಯೊ ಬಂತು. ಎಡಕ್ಕೊಂದು, ಬಲಕ್ಕೊಂದು ಸ್ಪೀಕರ್, ಎರಡೂ ಸಮವಾಗಿ ಹಾಡಬೇಕು. ಮೇಷ್ಟ್ರಿಗೆ ಆ ಹೊಸ ಆಟ ಬಹಳ ಹಿಡಿಸಿತು. ಪರೀಕ್ಷೆಗೆಂದೇ ಒಂದು ಕ್ಯಾಸೆಟ್ಟು ಮಾಡಿದರು. ಎಡಗಡೆಯಿಂದ ಅವರ ದನಿ “ಎಡ” ಎನ್ನುವುದು. ಬಲಗಡೆಯಿಂದ ಅದೇ ದನಿ “ಬಲ” ಎನ್ನುವುದು. ಎಡ, ಬಲ, ಎಡ, ಬಲ. ದಿನವಿಡೀ ಶೆಡ್ಡಿನಲ್ಲಿ ಅದೇ ಕವಾಯತು. ಪ್ಯಾಕಿಂಗಿನ ಹೆಂಗಸರು ಊಟಕ್ಕೆ ಹೋಗುವಾಗ ಅದಕ್ಕೆ ಸರಿಯಾಗಿ ಹೆಜ್ಜೆ ಹಾಕಿ ನಗುತ್ತಿದ್ದರು.

ಆರು ತಿಂಗಳಿಗೆ ಸ್ಟೀರಿಯೊ ಸೆಟ್ಟುಗಳು ಅಂಗಡಿಯಿಂದ ವಾಪಸು ಬರತೊಡಗಿದವು. ಎಲ್ಲದರದೂ ಒಂದೇ ದೂರು: ಎಡಗಡೆ ಕಿರುಚುತ್ತದೆ. ನನಗೆ ಕಾರಣ ಹೊಳೆದಿತ್ತು. ತಮ್ಮ ಎಡಗಿವಿಗೆ ಬಲದಷ್ಟೇ ಕೇಳಿಸುವವರೆಗೆ ಅವರು ಎಡದ ತಿರುಪನ್ನು ಏರಿಸುತ್ತಿದ್ದರು, ಏರಿಸಿ ಬೊಟ್ಟಿಡುತ್ತಿದ್ದರು. ಸಾಹುಕಾರರಿಗೆ ಅನುಮಾನ ಬಂದಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಮೇಜಿನ ಹತ್ತಿರ ಬಂದು ಸುಮ್ಮನೆ ನಿಂತು ನೋಡಿ ಹೋಗುತ್ತಿದ್ದರು.

ಆಗಲೇ ದೋಣಿಯ ವಿಷಯ ಬಂದದ್ದು. ಸಾಹುಕಾರರಿಗೆ ಕುಣಿಗಲ್ ಕೆರೆಯಲ್ಲಿ ವಿಹಾರದ ದೋಣಿ ಬಿಡುವ ಹುಚ್ಚು ಹತ್ತಿತ್ತು. ಎಂಟು ಜನ ಕೂರುವ ಮರದ ದೋಣಿ, ಮೇಲೆ ಬಟ್ಟೆಯ ಚಾವಣಿ, ಹುಟ್ಟು ಹಾಕಲು ಇಬ್ಬರು ಆಳು. ಅದರಲ್ಲಿ ನಮ್ಮ ಶೆಡ್ಡಿನ ಸ್ಟೀರಿಯೊ ಹಾಡಬೇಕು. ಬೆಂಗಳೂರಿನ ಒಬ್ಬ ದೊಡ್ಡ ವ್ಯಾಪಾರಿಯನ್ನು ಭಾನುವಾರ ಕೂರಿಸಿ, ನೀರಿನ ಮೇಲೆ ಕೇಳಿಸಿ, ಅಲ್ಲೇ ಆರ್ಡರು ಹಿಡಿಯುವುದು ಅವರ ಯೋಚನೆ. ಮೇಷ್ಟ್ರನ್ನು ಕರೆದು, ನಮ್ಮೆಲ್ಲರಿಗೂ ಕೇಳುವಂತೆ ಹೇಳಿದರು:

“ಮೇಷ್ಟ್ರೇ, ದೋಣಿ ಕೆಲಸ ನಿಮ್ಗೇ ಬಿಟ್ಟಿದೀನಿ. ಇದೊಂದು ಸರಿಹೋಯ್ತು ಅಂದ್ರೆ ನೀವಿರೋವರ್ಗೂ ಈ ಮೇಜು ನಿಮ್ದೇ. ಇಲ್ಲಾಂದ್ರೆ ಬೇಜಾರ್ ಮಾಡ್ಕೋಬೇಡಿ, ಪ್ಯಾಕಿಂಗ್ ನೋಡ್ಕೊಳಿ.”

“ಆಯ್ತು ಬುಡಿ ಸೌಕಾರ್ರೇ” ಎಂದರು ಮೇಷ್ಟ್ರು. ಆಮೇಲೆ ನನ್ನ ಬೆಂಚಿಗೆ ಬಂದು, “ರಂಗ, ನೀನೂ ಬಾರ್ಲಾ ಜೊತೆಗೆ” ಎಂದರು. ಬೆಸುಗೆಗೆ ಆಳು ಬೇಕಲ್ಲ, ಅದಕ್ಕೆ ಕರೆದರು ಎಂದುಕೊಂಡೆ.

ಕುಣಿಗಲ್ಲಿನಲ್ಲಿ ನಾಲ್ಕು ದಿನ ಕೆಲಸ ಮಾಡಿದೆವು. ಅವರು ಕೆಲಸ ಮಾಡುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ. ದೋಣಿಯನ್ನು ಏರಿಯ ಕೆಳಗೆ ಗೂಟಕ್ಕೆ ಕಟ್ಟಿತ್ತು. ಮೊದಲ ದಿನ ಒಂದು ತಂತಿಯನ್ನೂ ಮುಟ್ಟಲಿಲ್ಲ. ಚಪ್ಪಲಿ ಬಿಟ್ಟು ದೋಣಿ ಹತ್ತಿ ಸುಮ್ಮನೆ ಕೂತು, ನೀರು ಎಲ್ಲಿಂದ ಎಗರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿದರು. “ಕಾರಿಗಾದ್ರೆ ಮೈಯೆಲ್ಲಾ ಕಬ್ಣ. ಒಂದು ತಂತಿ ಆ ಮೈಗೆ ಕೊಟ್ರೆ ಮುಗೀತು. ಇದು ಮರ ಕಣೋ, ಕರೆಂಟು ಹೋಗೋದಕ್ಕೊಂದು ಬರೋದಕ್ಕೊಂದು ತಂತಿ ಎಳೀಬೇಕು” ಎಂದರು. ಕಾರಿನ ಬ್ಯಾಟರಿಯನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಅಲುಗಾಡದಂತೆ ಹಗ್ಗದಿಂದ ಬಿಗಿದರು. ಅದರಿಂದ ಒಂದು ಗೇಣಿನೊಳಗೆ ಫ್ಯೂಸು ಹಾಕಿದರು. ಪ್ರತಿ ಬೆಸುಗೆಯ ಮೇಲೂ ಕರಗಿಸಿದ ಮೇಣ ಹೊಯ್ದರು. ತಂತಿ ಸೆಟ್ಟಿನ ಒಳಹೋಗುವ ಕಡೆ ಸ್ವಲ್ಪ ಕೆಳಕ್ಕೆ ಜೋಲು ಬಿಟ್ಟರು. ನೀರು ತಂತಿ ಹಿಡಿದು ಬಂದರೆ ಆ ಜೋಲಿನಲ್ಲೇ ತೊಟ್ಟಿಕ್ಕಬೇಕು, ಸೆಟ್ಟಿನೊಳಗೆ ಹೋಗಬಾರದು. ಇದನ್ನೆಲ್ಲ ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ದೋಣಿಗೆ ತಂತಿ ಎಳೆದದ್ದೂ ಅದೇ ಮೊದಲು. ನಾನು ಈಗಲೂ ಹೇಳುತ್ತೇನೆ, ಆ ಕೆಲಸದಲ್ಲಿ ಎಲ್ಲೂ ಒಂದೂ ತಪ್ಪಿರಲಿಲ್ಲ.

ಶನಿವಾರ ಮಧ್ಯಾಹ್ನ ಎಲ್ಲ ಮುಗಿಯಿತು. ಹುಟ್ಟಿನ ಆಳುಗಳು ಊಟಕ್ಕೆ ಹೋಗಿದ್ದರು. ಗಾಳಿಯೂ ನಿಂತಿತ್ತು. ನಡುವಿನ ಹಲಗೆಯ ಮೇಲೆ, ಎರಡು ಸ್ಪೀಕರಿಗೂ ಸಮದೂರದಲ್ಲಿ ಮೇಷ್ಟ್ರು ಕೂತು ನನ್ನನ್ನು ಬಲಕ್ಕೆ ಕೂರಿಸಿಕೊಂಡರು. ಕ್ಯಾಸೆಟ್ಟು ಹಾಕಿದರು. “ಎಡ” ಅಂದಿತು. “ಬಲ” ಅಂದಿತು. ಸೆಟ್ಟಿನ ಮುಚ್ಚಳ ತೆಗೆದಿತ್ತು. ಸಣ್ಣ ಸ್ಕ್ರೂಡ್ರೈವರಿನಿಂದ ಎಡದ ತಿರುಪನ್ನು ಏರಿಸಿದರು. ಮತ್ತೆ ಕೇಳಿದರು, ಮತ್ತೆ ಏರಿಸಿದರು. ಕಣ್ಣು ಮುಚ್ಚಿಕೊಂಡು ಇನ್ನಷ್ಟು ಏರಿಸಿದರು. “ಎಡ” ಎನ್ನುವುದು ಈಗ ಏರಿಯ ಮೇಲಿನ ದನಗಳು ತಿರುಗಿ ನೋಡುವಷ್ಟು ಜೋರಾಗಿತ್ತು. “ಬಲ” ಪಾಪದ ಹಾಗೆ ಅದರ ಹಿಂದೆ ಬರುತ್ತಿತ್ತು.

ಕಣ್ಣು ಬಿಟ್ಟು ನನ್ನ ಮುಖ ನೋಡಿದರು.

“ಹೆಂಗೈತ್ಲಾ? ಎರಡೂ ಸಮನಾ?”

ನಾನು ಆ ಮುಖವನ್ನು ಮರೆಯಲಾರೆ. ನಾಲ್ಕು ದಿನದ ಗಡ್ಡ, ಹಣೆಯ ಮೇಲೆ ಮೇಣ. ಇಲ್ಲ ಸಾರ್, ಎಡ ತುಂಬಾ ಜಾಸ್ತಿ, ಎನ್ನಲು ಒಂದು ಉಸಿರು ಸಾಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

“ಸಮ ಸಾರ್. ಸರಿಯಾಗಿದೆ.”

“ನಿಜ್ವಾಗ್ಲೂ?”

“ನಿಜ್ವಾಗ್ಲೂ ಸಾರ್.”

ಅವರು ದೊಡ್ಡದಾಗಿ ಉಸಿರು ಬಿಟ್ಟರು. ಜೇಬಿನಿಂದ ಬಾಟಲಿ ತೆಗೆದು, ಎರಡೂ ತಿರುಪಿನ ಮೇಲೆ ಕೆಂಪು ಬೊಟ್ಟಿಟ್ಟು, ಬಾಯಿಂದ ಊದಿ ಒಣಗಿಸಿದರು. ಅವರು ಅತ್ತ ಹೋದಾಗ ನಾನೇ ಎಡವನ್ನು ಇಳಿಸಿದರಾಯಿತು ಎಂಬುದು ನನ್ನ ಲೆಕ್ಕ. ಅವರಿಗೂ ನೋವಾಗಬಾರದು, ಕೆಲಸವೂ ಕೆಡಬಾರದು. ಸಾಯಂಕಾಲ ಅವರು ಕಾಫಿಗೆ ಹೋದಾಗ ಮುಚ್ಚಳ ತೆಗೆದೂ ತೆಗೆದೆ. ಬೊಟ್ಟು ಕಲ್ಲಾಗಿತ್ತು. ಕೆರೆದರೆ ಗುರುತು ಉಳಿಯುತ್ತಿತ್ತು, ನಾನು ಮುಟ್ಟಿದ್ದು ಅವರಿಗೆ ಗೊತ್ತಾಗುತ್ತಿತ್ತು. ಐದು ವರ್ಷದಿಂದ ಅವರ ಬೊಟ್ಟನ್ನು ಮುಟ್ಟಿದವರಿರಲಿಲ್ಲ, ನನ್ನ ಕೈ ಏಳಲಿಲ್ಲ. ಮುಚ್ಚಳ ಹಾಕಿ ಅದರ ಸ್ಕ್ರೂ ಬಿಗಿದೆ.

ಭಾನುವಾರ ಬೆಳಿಗ್ಗೆ ದೋಣಿಗೆ ಮಲ್ಲಿಗೆ ಹಾರ ಹಾಕಿ ಕಾಯಿ ಒಡೆದರು. ಸಾಹುಕಾರರು, ಬೆಂಗಳೂರಿನ ವ್ಯಾಪಾರಿ, ಅವರ ಹೆಂಡತಿ, ನಾವಿಬ್ಬರು. ಮೇಷ್ಟ್ರು ಒಗೆದ ಬಿಳಿ ಅಂಗಿ ಹಾಕಿದ್ದರು, ಜೇಬಿನಲ್ಲಿ ಟಾರ್ಚ್ ಸೆಲ್ಲು. ನಾದಸ್ವರದ ಕ್ಯಾಸೆಟ್ಟು ಶುರುವಾಯಿತು. ದಡದ ಹತ್ತಿರ ಸಣ್ಣಗೆ ಹಾಡುವಾಗ ವ್ಯಾಪಾರಿ ತಲೆದೂಗಿದರು. ನನಗೂ ಸ್ವಲ್ಪ ಧೈರ್ಯ ಬಂತು. ಕೆರೆಯ ನಡುವೆ ಗಾಳಿ ಎದ್ದಿತು. ಹಾಡು ಗಾಳಿಗೆ ತೇಲಿಹೋಗುತ್ತಿದೆ ಎಂದು ಸಾಹುಕಾರರು ಕೈ ಚಾಚಿ ವಾಲ್ಯೂಮ್ ಪೂರ್ತಿ ತಿರುಗಿಸಿದರು.

ಎಡಗಡೆಯ ಸ್ಪೀಕರ್ ಒಮ್ಮೆ ಕರ್ರೆಂದು ಕಿರುಚಿತು. ವ್ಯಾಪಾರಿಯ ಹೆಂಡತಿ ಕಿವಿ ಮುಚ್ಚಿಕೊಂಡರು. ಕಾಗದ ಹರಿದ ಸದ್ದಾಯಿತು, ಸುಟ್ಟ ವಾಸನೆ ಬಂತು, ಅದರ ಉಸಿರು ನಿಂತಿತು. ಬಲಗಡೆಯದು ಮಾತ್ರ ಹಾಡುತ್ತಲೇ ಇತ್ತು.

“ಸ್ಪೀಕರ್ ಹೋಯ್ತು!” ಎಂದು ಸಾಹುಕಾರರು ಕೂಗಿದರು.

ಎಲ್ಲರ ಕತ್ತೂ ಎಡಕ್ಕೆ ತಿರುಗಿತು. ಮೇಷ್ಟ್ರು ಧಡಕ್ಕನೆ ಎದ್ದು, ಸ್ಕ್ರೂಡ್ರೈವರ್ ಹಿಡಿದು, ಬಲಗಡೆಯ ಸ್ಪೀಕರಿನ ಮುಂದೆ ಮೊಣಕಾಲೂರಿದರು. ಅವರಿಗೆ ಸದ್ದೆಲ್ಲ ಆ ಕಡೆಯಿಂದಲೇ ಬಂದಿರಬೇಕು. ಹಾಡುತ್ತಿದ್ದ ಸ್ಪೀಕರಿಗೆ ಕಿವಿ ಒತ್ತಿ ಕೇಳಿದರು. ಅದರ ಸ್ಕ್ರೂ ಬಿಚ್ಚತೊಡಗಿದರು. ಒಂದು ಬಿಚ್ಚಿದರು, ಎರಡನೆಯದಕ್ಕೆ ಕೈ ಹಾಕಿದರು. ಆಳುಗಳು ಹುಟ್ಟು ಹಾಕುವುದನ್ನು ನಿಲ್ಲಿಸಿದ್ದರು. ಏರಿ ದೂರದಲ್ಲಿತ್ತು, ಎದ್ದು ಹೋಗಲು ಯಾರಿಗೂ ಜಾಗವಿರಲಿಲ್ಲ.

“ಮೇಷ್ಟ್ರೇ” ಎಂದರು ಸಾಹುಕಾರರು ಮೆಲ್ಲಗೆ, “ಆ ಕಡೇದು.”

ಅವರು ಎಡದ ಸ್ಪೀಕರಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ನೀರು ನೋಡುತ್ತಿದ್ದೆ. ಬಿಚ್ಚಿದ್ದ ಸ್ಕ್ರೂವನ್ನು ತಿರುಗಿ ಬಿಗಿದು, ಸ್ಕ್ರೂಡ್ರೈವರನ್ನು ಅಂಗಿಯ ತುದಿಗೆ ಒರೆಸಿ ಜೇಬಿಗೆ ಹಾಕಿಕೊಂಡು ಕೂತರು.

ಸೋಮವಾರ ಅವರೇ ಬಂದು ಕೆಂಪು ಬಾಟಲಿಯನ್ನು ನನ್ನ ಬೆಂಚಿನ ಮೇಲಿಟ್ಟರು. ಸಾಹುಕಾರರು ಅವರ ಮೇಜನ್ನು ನನಗೆ ಕೊಟ್ಟಿದ್ದರು. ನಾನು ಬೇಡವೆನ್ನಲಿಲ್ಲ. ದೋಣಿಯ ಮೇಲೆ ಸುಳ್ಳು ಹೇಳಿದ್ದು ಕರುಣೆಯಿಂದ ಎಂದು ಆಗ ಖಂಡಿತವಾಗಿ ನಂಬಿದ್ದೆ. ಆ ಮೇಜಿನ ಮುಂದೆ ಕೂತ ಮೇಲೆ ಆ ನಂಬಿಕೆ ಸಡಿಲವಾಯಿತು. ಅಲ್ಲಿ ಕೂರುವ ಆಸೆ ನನ್ನೊಳಗೆ ಎಲ್ಲೋ ಇತ್ತೇನೋ, ಇರಲಿಲ್ಲವೆಂದು ಆಣೆ ಮಾಡಿ ಹೇಳಲಾರೆ.

ಅವರು ನಾಲ್ಕು ವರ್ಷ ಪ್ಯಾಕಿಂಗಿನಲ್ಲಿದ್ದರು. ರಟ್ಟಿನ ಪೆಟ್ಟಿಗೆ ಮಡಚುವುದು, ಹುಲ್ಲು ತುಂಬುವುದು, ಹುರಿ ಬಿಗಿಯುವುದು. ನಾನು ಕಳಿಸಿದ ಪ್ರತಿ ಸೆಟ್ಟಿನ ಬೊಟ್ಟನ್ನೂ ಕಿರುಬೆರಳಿನಿಂದ ಮುಟ್ಟಿ, ಒಣಗಿದೆಯೇ ಎಂದು ನೋಡಿಯೇ ಮುಚ್ಚಳ ಹಾಕುತ್ತಿದ್ದರು. ಅವರ ಬೆರಳ ತುದಿ ಯಾವಾಗಲೂ ಸ್ವಲ್ಪ ಕೆಂಪಗಿರುತ್ತಿತ್ತು. ನನ್ನ ಜೊತೆ ಮಾತು ಬಿಡಲಿಲ್ಲ, ಮುದ್ದೆ ಮುರಿದು ಕೊಡುವುದನ್ನೂ ಬಿಡಲಿಲ್ಲ. ಬೈಯುವುದನ್ನು ಮಾತ್ರ ನಿಲ್ಲಿಸಿದರು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಬೆಂಗಳೂರಿನ ಆರ್ಡರು ಬರಲೇ ಇಲ್ಲ. ದೋಣಿ ಎರಡು ಮಳೆಗಾಲ ಗೂಟದಲ್ಲಿದ್ದು ಹಲಗೆ ಬಿಟ್ಟುಕೊಂಡು ಕೊಳೆಯಿತು. ಒಂದು ದಿನ ಅವರು ಯಾರಿಗೂ ಹೇಳದೆ ಊರಿಗೆ ಹೊರಟುಹೋದರು.

ಶೆಡ್ಡು ಮುಚ್ಚಿದ ಮೇಲೆ ಒಮ್ಮೆ ಗುಬ್ಬಿಯಲ್ಲಿ ಬಸ್ಸು ಬದಲಿಸಿ ಚೇಳೂರಿಗೆ ಹೋದೆ. ಜಗಲಿಯ ಮೇಲೆ ಹಳೆಯ ರೇಡಿಯೋ ಒಂದನ್ನು ಬಿಚ್ಚಿಟ್ಟುಕೊಂಡು ಕೂತಿದ್ದರು. ಊರವರು ರಿಪೇರಿಗೆ ತಂದುಕೊಡುತ್ತಾರಂತೆ. ಬಹಳ ಇಳಿದುಹೋಗಿದ್ದರು. ನಾನು ಬಲಗಡೆಗೇ ಹೋಗಿ ಕೂತೆ. ಆ ಕಿವಿಯೂ ಮಂದವಾಗಿತ್ತು, ಜೋರಾಗಿ ಮಾತಾಡಬೇಕಿತ್ತು. ಅವರ ಮನೆಯವರು ಮಜ್ಜಿಗೆ ತಂದುಕೊಟ್ಟು ಬಾಗಿಲಲ್ಲಿ ನಿಂತರು. ಅದೂ ಇದೂ ಆದ ಮೇಲೆ, ಇಷ್ಟು ವರ್ಷ ಹೊತ್ತದ್ದನ್ನು ಹೇಳಿಬಿಟ್ಟೆ.

“ಸಾರ್, ಆವತ್ತು ದೋಣೀಲಿ ಎಡ ಜಾಸ್ತಿ ಇತ್ತು. ನಂಗೆ ಗೊತ್ತಿತ್ತು. ನಿಮ್ಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ.”

ಅವರು ಕೈಯಲ್ಲಿದ್ದ ತಂತಿಯನ್ನು ನೋಡುತ್ತಲೇ ಹೇಳಿದರು. ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ನನ್ ಕಿವಿ ಹೋಗೈತೆ ಅಂತ ನಂಗೆ ಗೊತ್ತಿರ್ಲಿಲ್ವೇನ್ಲಾ? ಅದಕ್ಕೇ ಅಲ್ವಾ ನಿನ್ನ ಕರ್ಕೊಂಡೋಗಿದ್ದು? ಬೆಸುಗೆ ನಾನೇ ಹಾಕ್ಕೊಂತಿದ್ದೆ ಕಣೋ. ನಿನ್ ಕಿವಿ ನಂಬ್ಕೊಂಡು ಬೊಟ್ಟಿಟ್ಟೆ.”

ಅವರು ಕೇಳಿದ್ದು ಒಂದು ಜೊತೆ ಕಿವಿಯನ್ನು, ನಾನು ಕೊಟ್ಟದ್ದು ಕನಿಕರ. ಕ್ಷಮೆ ಕೇಳಲಿಲ್ಲ. ಅವರಿಗೂ ಅದು ಬೇಕಿದ್ದಂತೆ ಕಾಣಲಿಲ್ಲ. ರೇಡಿಯೋದ ಕೊನೆಯ ತಂತಿ ಬೆಸೆದು ಸ್ವಿಚ್ ಹಾಕಿದರು. ಯಾರೋ ವಾರ್ತೆ ಓದುತ್ತಿದ್ದರು, ದನಿ ಒಡೆದು ಕರಕರ ಎನ್ನುತ್ತಿತ್ತು. ಅವರು ಬಲಗಿವಿಯನ್ನು ಅದಕ್ಕೆ ಒತ್ತಿ ಸ್ವಲ್ಪ ಹೊತ್ತು ಕೇಳಿ, ಹಳೆಯ ಅಭ್ಯಾಸದಂತೆ ನನ್ನ ಕಡೆ ತಿರುಗಿದರು.

“ಹೆಂಗೈತ್ಲಾ?”

ಈ ಸಲ ನಾನು ತಡಮಾಡಲಿಲ್ಲ. “ಒಡೀತಾ ಇದೆ ಸಾರ್. ಸರಿಯಾಗಿಲ್ಲ” ಎಂದೆ. ಗಟ್ಟಿಯಾಗಿಯೇ ಹೇಳಿದೆ, ಅವರಿಗೆ ಚೆನ್ನಾಗಿಯೇ ಕೇಳಿಸಿತು.

ಅವರು ತಲೆಯಾಡಿಸಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿ ಕೇಳಿದರು.

“ನೀನ್ ಹೇಳೇ. ಒಡೀತೈತಾ?”

“ಹ್ಞೂಂ, ಒಡೀತೈತೆ” ಎಂದರು ಆಕೆ.

ಆಗ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡರು.